ಅರಳಿಕಟ್ಟೆಯ ಮೇಲಿನ ನನ್ನ ಅಕ್ಷರ

ಹಸಿ ಸುಣ್ಣದ ವಾಸನೆ ನನಗೆ ಆಗುವುದಿಲ್ಲ. ಕೇಳಿದವರಿಗೆ ಅಲರ್ಜಿ ಎನ್ನುತ್ತೇನೆ. ಅದು ಸುಳ್ಳು. ಈ ವರ್ಷ ಪರಿಸರ ದಿನಕ್ಕೆ ನನ್ನ ಹಳೆಯ ಶಾಲೆಯವರು ಬಿಡದೆ ಕರೆದರು. ಈಗ ನಾನಿರುವುದು ಕೊರಟಗೆರೆ ಕಡೆಯ ಶಾಲೆಯಲ್ಲಿ. ಬೆಳಿಗ್ಗೆಯೇ ಬಸ್ಸು ಹಿಡಿದು ಮಧುಗಿರಿ, ಪಾವಗಡ ದಾಟಿ, ನಾಗಲಮಡಿಕೆಯಿಂದಾಚೆ ಆಂಧ್ರದ ಗಡಿಗೆ ಅಂಟಿಕೊಂಡಿರುವ ಆ ಊರಲ್ಲಿ ಇಳಿದರೆ, ಶಾಲೆಯ ಎದುರಿನ ಅರಳಿಕಟ್ಟೆಗೆ ಆಗಷ್ಟೇ ಸುಣ್ಣ ಹೊಡೆದಿದ್ದರು. ಆ ವಾಸನೆಗೆ ನನ್ನ ಕಾಲು ಬಸ್‌ಸ್ಟಾಪಿನಲ್ಲೇ ನಿಂತಿತು.

ಹೊಸದಾಗಿ ಬಂದಿರುವ ವಿಜ್ಞಾನದ ಮೇಡಂ ನೀಲಿ ಬಣ್ಣದ ಡಬ್ಬ, ಕುಂಚ ಹಿಡಿದು ಎದುರು ಬಂದಳು. "ಕಟ್ಟೆ ಮೇಲಿನ ಬರಹ ನಿಮ್ಮದೇ ಅಂತೆ ಮೇಡಂ. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು ಅಂತ ಊರೆಲ್ಲ ಹೇಳ್ತಾರೆ. ಇವತ್ತು ನೀವೇ ಮತ್ತೆ ಬರೀಬೇಕು" ಎಂದಳು. ಕಟ್ಟೆಯ ಮೇಲೆ ಸುಣ್ಣ ಇನ್ನೂ ಆರಿರಲಿಲ್ಲ. ಅದರಡಿಯಲ್ಲಿ ನನ್ನ ಹಳೆಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಅವನ್ನು ಅಳಿಸುತ್ತೇನೆಂದು ಒಬ್ಬರಿಗೆ ಮಾತು ಕೊಟ್ಟು ನಾನು ವರ್ಷಗಟ್ಟಲೆ ತಲೆ ಮರೆಸಿಕೊಂಡಿದ್ದೆ.

ಆ ಸಾಲು ಬರೆದಾಗ ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಹುಟ್ಟೂರು ಸಿರಾ ತಾಲ್ಲೂಕಿನ ಮದಲೂರು. ನಮ್ಮೂರ ಕೆರೆಯಲ್ಲಿ ಅಷ್ಟಿಷ್ಟು ನೀರಿದ್ದಾಗಲೆಲ್ಲ ತೂಬಿನ ಬಳಿಯ ನೀರುಗಿಡವನ್ನು ಬಾಟಲಿಯಲ್ಲಿ ತುಂಬಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಪಾವಗಡದ ಬಸ್ಸು ಹತ್ತುತ್ತಿದ್ದೆ. ಆ ಗಿಡವನ್ನು ಗಾಜಿನ ಪಾತ್ರೆಯ ನೀರಲ್ಲಿ ಮುಳುಗಿಸಿ, ಮೇಲೆ ಆಲಿಕೆ ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಪ್ರನಾಳವನ್ನೂ ಬೋರಲಿಟ್ಟು ಬಿಸಿಲಲ್ಲಿ ಬಿಟ್ಟರೆ ಗುಳ್ಳೆ ಏಳುತ್ತವೆ. ಎರಡು ದಿನಕ್ಕೆ ಪ್ರನಾಳದ ತುದಿಯಲ್ಲಿ ಗಾಳಿ ತುಂಬುತ್ತದೆ. ಕೆಂಡ ಮಾತ್ರ ಉಳಿದ ಊದುಬತ್ತಿಯನ್ನು ಅದರೊಳಗೆ ತೂರಿಸಿದರೆ ಧಗ್ಗೆಂದು ಹತ್ತಿಕೊಳ್ಳುತ್ತದೆ. ಎಂಟನೇ ತರಗತಿಯ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ ಸುಜಾತ ಅದನ್ನು ನೋಡಿ, "ಗಿಡದ ಉಸಿರು ಮಿಸ್!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಪಾಠ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಳ್ಳೆಯ ಮೇಷ್ಟ್ರಾಗಿ ಉಳಿಯುತ್ತಿದ್ದೆ.

ಆ ವರ್ಷದ ಪರಿಸರ ದಿನಕ್ಕೆ ಕಟ್ಟೆಯ ಮೇಲೆ ಏನಾದರೂ ಬರೆಯಿರಿ ಎಂದರು. ಶಾಲೆಯ ಜವಾನ ನರಸಿಂಹಪ್ಪನವರು ಸುಣ್ಣ ಹೊಡೆದು, ಬಣ್ಣದ ಡಬ್ಬ ಎತ್ತಿ ಹಿಡಿದು ನಿಂತರು. ನಾನು ಬರೆದೆ: 'ಅರಳಿಮರ ಹಗಲೂ ರಾತ್ರಿ ಆಮ್ಲಜನಕ ಕೊಡುತ್ತದೆ. ಇದರ ನೆರಳಲ್ಲಿ ಇರುವವರಿಗೆ ಉಸಿರಿನ ಭಯವಿಲ್ಲ.' ಮೊದಲ ವಾಕ್ಯ ಯಾರೋ ಹೇಳಿದ್ದು ಕೇಳಿ ತಲೆಯಲ್ಲಿ ಉಳಿದದ್ದು. ಎರಡನೆಯದು ಓದಲು ಚಂದವಿರಲಿ ಎಂದು ನಾನೇ ಸೇರಿಸಿದ ಒಗ್ಗರಣೆ. ನರಸಿಂಹಪ್ಪನವರಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳಿಸಿಕೊಂಡು, "ಇದು ಬುಕ್ನಾಗೈತಾ ಮಿಸ್ಸು?" ಎಂದು ಕೇಳಿದರು. "ಇದೆ ಬಿಡಿ ನರಸಿಂಹಪ್ಪ" ಎಂದೆ. ಇರಲಿಲ್ಲ. ಬಿಸಿಲು ಸುಡುತ್ತಿತ್ತು, ಕೈ ನೋಯುತ್ತಿತ್ತು, ಅವರ ಪ್ರಶ್ನೆ ಆ ಹೊತ್ತಿಗೆ ಕಿರಿಕಿರಿ ಅನಿಸಿತ್ತು.

ಆಮೇಲೆ ಅವರು ಊರಿಗೆ ಯಾರೇ ಬರಲಿ, ಒಂದೊಂದು ಪದದ ಮೇಲೂ ಬೆರಳಿಟ್ಟು ಆ ಸಾಲನ್ನು ಒಪ್ಪಿಸುತ್ತಿದ್ದರು. ಓದು ಬಾರದವರು ಓದುವುದನ್ನು ನೋಡಿ ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ಸುಜಾತ ಮುಂದೆ ಅವರ ಮನೆಗೇ ಸೊಸೆಯಾಗಿ ಬಂದಳು. ಮಾವನಿಗೂ ಸೊಸೆಗೂ ನಾನು ಹೇಳಿದ್ದು ವೇದವಾಕ್ಯ. ಇದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ನಾನು ಹೇಳಹೊರಟಿರುವುದು ಕೊರೊನಾದ ಎರಡನೇ ಅಲೆಯ ಬೇಸಿಗೆಯ ಮಾತು. ಶಾಲೆ ಮುಚ್ಚಿತ್ತು. ಮೇಷ್ಟ್ರುಗಳಿಗೆಲ್ಲ ಮನೆ ಮನೆ ಸಮೀಕ್ಷೆಯ ಕೆಲಸ. ಆಶಾ ಕಾರ್ಯಕರ್ತೆ ಗಂಗರತ್ನಮ್ಮ ಮತ್ತು ನಾನು ಒಂದು ಜೋಡಿ. ನನ್ನ ಕೈಯಲ್ಲಿ ಪಟ್ಟಿ, ಅವರ ಕೈಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು. ಗಡಿಯ ದಾರಿಗಳಿಗೆ ಜಾಲಿಮುಳ್ಳು ಎಳೆದಿದ್ದರು. ಬೇವಿನ ಹೂ ಬೀದಿ ತುಂಬ ಉದುರಿದ್ದರೂ ಗುಡಿಸುವವರಿರಲಿಲ್ಲ. ಯಾರ ಮನೆಯ ಬಾಗಿಲು ತಟ್ಟಿದರೂ ಒಳಗಿನಿಂದಲೇ "ನಮ್ಮನೇಲಿ ಯಾರ್ಗೂ ಏನೂ ಇಲ್ಲ, ಹೋಗ್ರಮ್ಮ" ಎಂಬ ಉತ್ತರ. ಆಸ್ಪತ್ರೆಗೆ ಹೋದವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ಬರುತ್ತಾರೆ, ಬೀದಿಗೆ ತಗಡು ಹೊಡೆಯುತ್ತಾರೆ ಎಂಬ ಹೆದರಿಕೆಗೆ ಜನ ಜ್ವರವನ್ನೂ ಸಾವನ್ನೂ ಬಚ್ಚಿಡುತ್ತಿದ್ದರು. ನಾನು ಪಾವಗಡದಲ್ಲಿ ಬಾಡಿಗೆಗಿದ್ದೆ. ನನ್ನ ಶಾಲೆಯ ಊರು ನಮ್ಮ ಪಟ್ಟಿಯಲ್ಲಿ ಕೊನೆಗೆ ಬಂತು.

ಬೆಳಿಗ್ಗೆ ಹತ್ತರ ಹೊತ್ತು. ಊರ ಬಾಗಿಲಲ್ಲೇ ಗಂಗರತ್ನಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಅರಳಿಕಟ್ಟೆಯ ಮೇಲೆ ಒಂದು ಹಗ್ಗದ ಮಂಚ, ಅದರ ಮೇಲೆ ಮಲಗಿದ್ದ ಹೆಂಗಸು, ತಲೆದೆಸೆಯಲ್ಲಿ ಬೀಸಣಿಗೆ ಹಿಡಿದು ಕೂತ ಸುಜಾತ. ಇನ್ನೊಂದು ಖಾಲಿ ಮಂಚವನ್ನು ಮರದ ಬೊಡ್ಡೆಗೆ ಒರಗಿಸಿ ನಿಲ್ಲಿಸಿದ್ದರು. ಮಲಗಿದ್ದವರು ಸುಜಾತಳ ಅತ್ತೆ, ನರಸಿಂಹಪ್ಪನವರ ಹೆಂಡತಿ ಓಬಳಮ್ಮ. ಮಂಚದ ಕೆಳಗಿನ ಗೋಡೆಯ ಮೇಲೆ ನನ್ನ ಸಾಲು. ಇಷ್ಟು ವರ್ಷವಾದರೂ ಬಣ್ಣ ಅಷ್ಟಾಗಿ ಮಾಸಿರಲಿಲ್ಲ.

"ಬಂದ್ರಾ ಮಿಸ್? ನೀವು ಬರ್ತೀರ ಅಂತ ನಂಗೊತ್ತಿತ್ತು" ಎಂದು ಸುಜಾತ ಎದ್ದು ನಿಂತಳು. ಅವಳ ಗಂಡ ಲಾರಿ ಡ್ರೈವರ್, ಲಾಕ್‌ಡೌನಿನಲ್ಲಿ ದೂರದ ಊರಿನಲ್ಲಿ ಸಿಕ್ಕಿಬಿದ್ದಿದ್ದ. "ಅತ್ತೆಗೆ ಐದು ದಿನದಿಂದ ಜ್ವರ. ನೆನ್ನೆಯಿಂದ ಉಸ್ರು ಮೇಲಕ್ಕೆ ಎಳೀತಾವ್ರೆ. ಗೊತ್ತಾದ ತಕ್ಷಣ ಇಲ್ಲಿಗೆ ತಂದ್ಬುಟ್ಟೆ ಮಿಸ್, ಒಂದು ಗಳಿಗೇನೂ ತಡ ಮಾಡ್ಲಿಲ್ಲ."

"ನರಸಿಂಹಪ್ಪನವರೆಲ್ಲಿ?" ಎಂದೆ.

ಅವಳು ಖಾಲಿ ಮಂಚದ ಕಡೆ ನೋಡಿದಳು. "ಮಾವ ಹೋಗ್ಬುಟ್ರು ಮಿಸ್. ಇವತ್ತಿಗೆ ಹತ್ತು ದಿನ. ಸರ್ಕಾರದೋರ್ಗೆ ಯಾರ್ಗೂ ಹೇಳ್ಲಿಲ್ಲ. ಎಲ್ಡು ದಿನ ಮನೇಲೇ ಮಲಗ್ಸಿದ್ವಿ, ಅದೇ ತಪ್ಪಾಗಿದ್ದು. ಕೊನೀಗೆ ಅವ್ರೇ ಕೈ ಮಾಡಿ, ಕಟ್ಟೆಗೆ ಕರ್ಕಂಡೋಗ್ರಿ ಅಂದ್ರು. ತಂದು ಮಲಗಿಸ್ದಾಗ ತಡ ಆಗೋಗಿತ್ತು. ಅದ್ಕೇ ಅತ್ತೇನ ಮೊದಲೇ ತಂದೆ."

ಇದನ್ನು ಅವಳು ಹೋಂವರ್ಕ್ ತೋರಿಸುವ ಹುಡುಗಿಯ ದನಿಯಲ್ಲಿ ಹೇಳಿದಳು. ಗಂಗರತ್ನಮ್ಮ ಅಷ್ಟರಲ್ಲಿ ಓಬಳಮ್ಮನ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ, ಅಂಕಿಯನ್ನು ನನ್ನ ಕಡೆ ತಿರುಗಿಸಿದರು. ಎಂಬತ್ತಾರು. ತೊಂಬತ್ತನಾಲ್ಕಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ಕಳಿಸಿ ಎಂದು ನಮಗೆ ಹೇಳಿದ್ದರು. ಓಬಳಮ್ಮ ಮಾತ್ರ ನನ್ನ ನೋಡಿ, "ಬಾ ಮಿಸ್ಸು, ಕೂತ್ಕ" ಎಂದು ನಗಲು ನೋಡಿದರು. ಆ ರೋಗದ ಮೋಸವೇ ಅದು, ಒಳಗೆ ಉಸಿರು ಬತ್ತುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಗಂಗರತ್ನಮ್ಮ ದೂರ ಹೋಗಿ ಆಂಬುಲೆನ್ಸಿಗೆ ಫೋನು ಮಾಡಿ ಬಂದು, ಒಂದು ಗಂಟೆಯಾದರೂ ಆಗುತ್ತಂತೆ ಎಂದು ಪಿಸುಗುಟ್ಟಿದರು.

"ಆಸ್ಪತ್ರೆಗಾ?" ಸುಜಾತಳ ಮುಖ ಗಂಟಾಯಿತು. "ಅಲ್ಲಿ ಆಕ್ಸಿಜನ್ ಇಲ್ಲ ಅಂತ ಟೀವೀಲಿ ದಿನಾ ತೋರಿಸ್ತಾವ್ರೆ. ಇಲ್ಲಿ ಇಷ್ಟು ದೊಡ್ಡ ಮರ ಐತೆ. ಇಲ್ಲಿಂದ ಎತ್ಕಂಡು ಅಲ್ಲಿಗ್ಯಾಕೆ ಹೋಗ್ಬೇಕು? ನೀವೇ ಬರ್ದಿದೀರಲ್ಲ ಮಿಸ್!"

"ಬರೆದದ್ದು ತಪ್ಪು ಸುಜಾತ."

"ಆಗ ತಪ್ಪು ಹೇಳಿದ್ರಾ, ಇಲ್ಲ ಈಗ ಹೇಳ್ತಿದೀರಾ? ಸರ್ಕಾರದೋರು ಹಿಂಗೆ ಹೇಳಿ ಅಂತ ಕಳಿಸವ್ರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ್ದಾದರೆ ಹೇಗೋ ಜಾರಿಕೊಳ್ಳಬಹುದು, ನಾನು ಗೋಡೆಯ ಮೇಲೆ ಬರೆದುಬಿಟ್ಟಿದ್ದೆ. ಸಿಟ್ಟು ಬಂತು. ಅವಳ ಮೇಲೆ ರೇಗಿದರೆ ಅವಳು ಮಂಚ ಬಿಟ್ಟುಕೊಡುವುದಿಲ್ಲ ಎಂದು ಗೊತ್ತಾಗಿ ನುಂಗಿಕೊಂಡೆ.

"ಊದುಬತ್ತಿ ಹತ್ತಿಕೊಂಡದ್ದು ನೆನಪಿದೆಯಾ?" ಎಂದೆ.

"ಐತೆ. ಅದ್ಕೇ ಹೇಳ್ತಿರೋದು ನಾನು."

"ಪ್ರನಾಳ ತುಂಬೋಕೆ ಎಷ್ಟು ದಿನ ಹಿಡೀತು?"

"ಎಲ್ಡು ದಿನ."

"ಎರಡು ದಿನ ಆ ಗಾಳೀನ ಗಾಜಿನೊಳಗೆ ಹಿಡಿದು ಇಟ್ಟಿದ್ದೆವು. ಇಲ್ಲಿ ಗಾಜು ಎಲ್ಲಿದೆ ಸುಜಾತ? ಎಲೆ ಬಿಟ್ಟಿದ್ದನ್ನ ಗಾಳಿ ಆ ಗಳಿಗೇಲೇ ಹೊತ್ಕೊಂಡು ಹೋಗ್ತದೆ. ಆಂಧ್ರಕ್ಕೂ ಹೋಗ್ತದೆ, ಮಧುಗಿರಿ ಬೆಟ್ಟಕ್ಕೂ ಹೋಗ್ತದೆ. ಈ ಮರದ ಕೆಳಗಿರೋ ಗಾಳಿ, ನಿಮ್ಮನೆ ನಡುಮನೆ ಗಾಳಿ ಎರಡೂ ಒಂದೇ. ಗಾಳೀಲಿ ಕೊರತೆ ಇಲ್ಲ ಕಣೇ. ನಲ್ಲೀಲಿ ನೀರು ಬರ್ತಾ ಇದೆ, ನಿಮ್ಮತ್ತೆ ಎದೆಯೊಳಗಿನ ಬಿಂದಿಗೆ ಬಾಯಿ ಕಟ್ಕೊಂಡಿದೆ."

ಅವಳು ಬೀಸಣಿಗೆ ಕೆಳಗಿಟ್ಟಳು. ಆಮೇಲೆ ನನ್ನ ಅತ್ಯುತ್ತಮ ವಿದ್ಯಾರ್ಥಿನಿ ಕೇಳಬೇಕಾದದ್ದನ್ನೇ ಕೇಳಿದಳು. "ಇಲ್ಲಿ ಮಲಗಿರೋದ್ಕೇ ಎಂಬತ್ತಾರಾದ್ರೂ ಐತೆ, ಮನೇಲಿದ್ದಿದ್ರೆ ಇನ್ನೂ ಕೆಳಕ್ಕೆ ಬೀಳ್ತಿತ್ತು ಅಂತ ನಾನಂತೀನಿ. ಇಲ್ಲ ಅಂತ ಹೆಂಗೆ ತೋರಿಸ್ತೀರಾ ಮಿಸ್?"

ಶಾಲೆಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. "ನಡಿ, ನೋಡೇ ಬಿಡೋಣ" ಎಂದೆ. ಮೂವರೂ ಮಂಚ ಎತ್ತಿ ರಸ್ತೆ ದಾಟಿ ಎಂಟನೇ ತರಗತಿಯ ಕೋಣೆಗೆ ತಂದೆವು. ಕಿಟಕಿ, ಬಾಗಿಲು ಹಾಕಿದೆವು. ಒಳಗೆ ಒಂದು ಹಸಿರೆಲೆ ಇರಲಿಲ್ಲ, ಕಸಕಡ್ಡಿಯೂ ಇರಲಿಲ್ಲ. ಕಾಲು ಗಂಟೆ ಕಾಯುವುದು ಎಂದು ಒಪ್ಪಂದವಾಯಿತು.

ಒಪ್ಪಂದ ಮಾಡಿಕೊಂಡ ಮೇಲೆಯೇ ನನಗೆ ಅದರ ಅಪಾಯ ಹೊಳೆದದ್ದು. ರೋಗ ಏರುತ್ತಿತ್ತು. ಈ ಕಾಲು ಗಂಟೆಯಲ್ಲಿ ಅಂಕಿ ಇಳಿದರೆ, ಅದು ರೋಗದಿಂದ ಇಳಿದದ್ದು ಎಂದು ನಾನು ಎಷ್ಟು ಬಡಕೊಂಡರೂ ಸುಜಾತ ನಂಬುವುದಿಲ್ಲ. ಮಂಚ ವಾಪಸು ಕಟ್ಟೆಗೆ ಹೋಗುತ್ತದೆ, ಆಮೇಲೆ ಆಂಬುಲೆನ್ಸು ಬಂದರೂ ಎತ್ತಿಸಿಕೊಡುವವರಿಲ್ಲ. ಹೊರಗಿನ ತಂಪಿಗಾದರೂ ತಾಳಿಕೊಂಡಿದ್ದ ಮುದುಕಿಯನ್ನು ಕಾದ ಕೋಣೆಯಲ್ಲಿ ಕೂಡಿಹಾಕಿ ಪಂದ್ಯ ಕಟ್ಟಿದ್ದೆ. ಜೀವನದಲ್ಲಿ ನಾನು ದೇವರಿಗೆ ಹರಕೆ ಹೊತ್ತವಳಲ್ಲ, ಅವತ್ತು ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಎಂಬತ್ತಾರು ಇದ್ದದ್ದು ಎಂಬತ್ತೈದಾಯಿತು. ಸುಜಾತ ನನ್ನ ಮುಖ ನೋಡಿದಳು. ಎಂಬತ್ತನಾಲ್ಕು. ಅವಳ ಕೈ ಮಂಚದ ಪಟ್ಟಿಗೆ ಹೋಯಿತು. "ತಡಿ, ಬೆರಳು ಅಲುಗ್ತಾ ಇದೆ" ಎಂದು ಗಂಗರತ್ನಮ್ಮ ಓಬಳಮ್ಮನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಹಿಡಿದು ನಿಲ್ಲಿಸಿದರು. ಗೋಡೆಯ ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ, ನನ್ನ ಮೊಬೈಲಿನಲ್ಲಿ ನಿಮಿಷ ನೋಡುತ್ತಿದ್ದೆ. ಎಂಬತ್ತೈದು. ಎಂಬತ್ತಾರು. ಎಂಬತ್ತಾರು. ಕಾಲು ಗಂಟೆ ಮುಗಿದಾಗಲೂ ಎಂಬತ್ತಾರೇ.

ಸುಜಾತ ಆಕ್ಸಿಮೀಟರನ್ನು ಬಿಡಿಸಿ ತನ್ನ ಬೆರಳಿಗೆ ಹಾಕಿಕೊಂಡಳು. ತೊಂಬತ್ತೆಂಟು. ಬಾಗಿಲು ತೆರೆದು ಓಡಿ ಕಟ್ಟೆ ಹತ್ತಿ ಮರದ ಬೊಡ್ಡೆಗೆ ಬೆನ್ನು ಕೊಟ್ಟು ನಿಂತು ನೋಡಿಕೊಂಡಳು. ಅಲ್ಲಿಂದಲೇ ಕೂಗಿದಳು, "ತೊಂಬತ್ತೆಂಟೇ ಮಿಸ್." ನಿಧಾನವಾಗಿ ವಾಪಸು ಬಂದು ಮೂರನೇ ಬೆಂಚಿನಲ್ಲಿ, ತನ್ನ ಹಳೆಯ ಜಾಗದಲ್ಲಿ ಕೂತಳು.

"ಅಂಗಾದ್ರೆ ಮಾವನ್ನ ನಾವೇ..." ಎಂದು ನಿಲ್ಲಿಸಿದಳು.

"ನೀವಲ್ಲ" ಎಂದೆ. "ನಾನು."

ನಾನು ಬಹಳ ಜನರನ್ನು ಅಳಿಸಿದ ಮೇಷ್ಟ್ರು. ಆ ಕೋಣೆಯಲ್ಲಿ ನಾನೇ ಅತ್ತದ್ದು ಅದೊಂದೇ ಸಲ. ಅಳುವುದಕ್ಕೂ ಪುರುಸೊತ್ತು ಇರಲಿಲ್ಲ, ಆಂಬುಲೆನ್ಸಿನ ಸದ್ದು ನಾಗಲಮಡಿಕೆ ರಸ್ತೆಯ ಕಡೆಯಿಂದ ಕೇಳಿಸಿತು. ಅದು ಕಿವಿಗೆ ಬಿದ್ದದ್ದೇ ಓಬಳಮ್ಮ ಮಂಚದ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಮನೆಮಾತು ತೆಲುಗು. "ನೇನು ರಾನು" ಎಂದರು. ನಾನು ಬರೋದಿಲ್ಲ. "ಅವ್ರು ಆ ಮರದ ಕೆಳಗೇ ಹೋದ್ರು. ನನ್ನೂ ಅಲ್ಲೇ ಬುಟ್ಬುಡ್ರಿ."

ಸುಜಾತ ಕಾಲು ಹಿಡಿದು ಬೇಡಿದಳು. ಗಂಗರತ್ನಮ್ಮ ಬೈದರು. ಆಂಬುಲೆನ್ಸಿನವರು ನೀಲಿ ಗವುಸು ಹಾಕಿಕೊಂಡು ಬಾಗಿಲಲ್ಲಿ ನಿಂತು, ಬೇಗ ಮಾಡಿ, ಇನ್ನೂ ಎರಡು ಕಡೆ ಹೋಗಬೇಕು ಎಂದರು. ಒಲ್ಲೆ ಎಂದವರನ್ನು ಎಳೆದುಕೊಂಡು ಹೋಗುವಂತಿರಲಿಲ್ಲ. ನಾನು ನೆಲದ ಮೇಲೆ ಅವರ ತಲೆಯ ಹತ್ತಿರ ಕೂತೆ.

"ಓಬಳಮ್ಮ, ಅವತ್ತು ನಾನು ಬರೆಯುವಾಗ ನಿಮ್ಮ ಯಜಮಾನ್ರು ಒಂದು ಮಾತು ಕೇಳಿದ್ರು. ಇದು ಬುಕ್ಕಿನಲ್ಲಿದೆಯಾ ಅಂತ. ನಾನು ಇದೆ ಅಂದೆ. ಇರಲಿಲ್ಲ. ಇಲ್ಲ ಅಂದಿದ್ದರೆ ಅವರು ಇವತ್ತು ಇರ್ತಿದ್ರೋ ಏನೋ, ನನಗೆ ಗೊತ್ತಿಲ್ಲ. ನೀವೂ ಹೋದ್ರೆ ಆ ಮರವನ್ನ ನಾನು ಹೆಂಗೆ ನೋಡಲಿ?" ಅವರು ನನ್ನನ್ನೇ ನೋಡುತ್ತಿದ್ದರು. ಮಕ್ಕಳಿಂದ ಕಲಿತ ಹರಕು ತೆಲುಗಿನಲ್ಲಿ ಹೇಳಿದೆ: "ಚೆಟ್ಟು ಯಾಡಿಕೀ ಪೋದು." ಮರ ಎಲ್ಲಿಗೂ ಹೋಗೋದಿಲ್ಲ. "ಇಲ್ಲೇ ಇರ್ತದೆ. ನೀವು ಹೋಗಿ ಬನ್ನಿ."

ಅವರು ತೆರೆದ ಬಾಗಿಲಾಚೆಯ ಮರದ ಕಡೆ ನೋಡಿದರು. ಆಮೇಲೆ ಒಂದೊಂದೇ ಮಾತಿಗೆ ಉಸಿರು ಎಳೆದುಕೊಳ್ಳುತ್ತ, "ನಾನು ವಾಪಸ್ ಬಂದ್ರೆ... ನೀನೇ ಬಂದು ಅದನ್ನ ಅಳಿಸ್ಬೇಕು" ಎಂದರು. ಅಳಿಸ್ತೀನಿ ಎಂದೆ. ಹಗ್ಗ ಹಿಡಿದಿದ್ದ ಬೆರಳು ಸಡಿಲವಾಯಿತು.

ಅವರನ್ನು ಪಾವಗಡಕ್ಕೆ ಒಯ್ದರು. ಸುಜಾತ ಜೊತೆಗೆ ಹೋದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಅವಳ ಫೋನು, ನಮಸ್ಕಾರವೂ ಇಲ್ಲ, ಅಂಕಿ ಮಾತ್ರ. "ಎಂಬತ್ತೆಂಟು ಮಿಸ್." "ಎಂಬತ್ತೇಳು ಮಿಸ್." ಒಂದು ದಿನ ಅವಳು ಕೇಳಿದಳು, "ಈ ಸಿಲಿಂಡರ್ ಒಳಗಿರೋದು ಎಲ್ಲಿಂದ ಬಂತು ಮಿಸ್?" ಗಾಳಿಯಿಂದ ಬೇರೆ ಮಾಡಿ ತುಂಬ್ತಾರೆ ಎಂದೆ. "ಗಾಳಿಗೆ ಎಲ್ಲಿಂದ ಬಂತು?" ಕೋಟ್ಯಂತರ ವರ್ಷದಿಂದ ಗಿಡಮರ, ಸಮುದ್ರದ ಪಾಚಿ ಎಲ್ಲ ಬಿಸಿಲಲ್ಲಿ ಮಾಡಿ ಮಾಡಿ ಕೂಡಿಸಿದ್ದು ಎಂದೆ. ಅವಳು, "ಅಂಗಾದ್ರೆ ನೀವು ಪೂರ್ತಿ ಸುಳ್ಳು ಹೇಳಿರ್ಲಿಲ್ಲ ಬುಡಿ" ಎಂದಳು. ಸಮಾಧಾನ ಹೇಳುವ ಸರದಿ ಅವಳದಾಗಿತ್ತು. ನನಗೆ ಸಮಾಧಾನ ಆಗಲಿಲ್ಲ.

ಎಂಟನೆಯ ದಿನ ಫೋನು ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ನಾನು ಮಾಡಿದರೆ ಸ್ವಿಚ್ ಆಫ್. ಸಮೀಕ್ಷೆಯ ಪಟ್ಟಿಯಲ್ಲಿ ಅವತ್ತು ನಾನು ಯಾರ ಹೆಸರಿನ ಮುಂದೆ ಏನು ಬರೆದೆನೋ ತಿಳಿಯದು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ವಾಪಸು ತಂದೆ. ಸಂಜೆ ಐದಕ್ಕೆ ಫೋನು ಬಂತು. "ಚಾರ್ಜ್ ಇರ್ಲಿಲ್ಲ ಮಿಸ್" ಎಂದಳು. ಆಮೇಲೆ, "ತೊಂಬತ್ತೆರಡು."

ಓಬಳಮ್ಮ ಇಪ್ಪತ್ತು ದಿನಕ್ಕೆ ಮನೆಗೆ ಬಂದರು. ನಾನು ಹೋಗಲಿಲ್ಲ. ಶಾಲೆ ತೆರೆದ ಮೇಲೆ ದಿನಾ ಆ ಕಟ್ಟೆಯ ಮುಂದೆಯೇ ಓಡಾಡಿದೆ, ಗೋಡೆಯ ಕಡೆ ಮುಖ ಹಾಕಲಿಲ್ಲ. ಅಳಿಸಲು ಸುಣ್ಣದ ಬಕೆಟ್ಟು ಹಿಡಿದು ಹೋದರೆ ಊರೆಲ್ಲ ಸುತ್ತ ಸೇರುತ್ತದೆ, ಯಾಕೆ ಎಂದು ಕೇಳುತ್ತದೆ. ಕೋಣೆಯೊಳಗೆ ಮೂವರ ಮುಂದೆ ಒಪ್ಪಿಕೊಂಡಿದ್ದನ್ನು ಊರ ಮುಂದೆ ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ಮರುವರ್ಷ ವರ್ಗಾವಣೆಗೆ ಅರ್ಜಿ ಹಾಕಿ ಕೊರಟಗೆರೆ ಕಡೆ ಬಂದುಬಿಟ್ಟೆ. ಹೇಡಿತನಕ್ಕೆ ವರ್ಗಾವಣೆಗಿಂತ ಸಭ್ಯವಾದ ಹೆಸರು ನನಗೆ ಸಿಕ್ಕಿಲ್ಲ.

ಈಗ ಅದೇ ಕಟ್ಟೆಯ ಮುಂದೆ ಹೊಸ ಮೇಡಂ ಕುಂಚ ನೀಡುತ್ತ ನಿಂತಿದ್ದಳು. ಮಕ್ಕಳು ಸಾಲಾಗಿ ಕೂತಿದ್ದರು. ಅವರ ಹಿಂದೆ ಸುಜಾತ, ಅವಳ ಪಕ್ಕದಲ್ಲಿ ಕೋಲೂರಿಕೊಂಡು ಓಬಳಮ್ಮ. ಕಟ್ಟೆಗೆ ಸುಣ್ಣ ಹೊಡೆಸಿದ್ದು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಓಬಳಮ್ಮನ ಮೊಣಕೈವರೆಗೂ ಬಿಳಿ ಸಿಡಿದಿತ್ತು. ಅವರು ನನ್ನನ್ನು ಬೈಯಲಿಲ್ಲ. ಹತ್ತಿರ ಬಂದು, "ನೀನು ಬರ್ಲಿಲ್ಲ. ಕಾದೂ ಕಾದೂ ನಾನೇ ಹೊಡೆದೆ" ಎಂದರು.

ನಾನು ಮಕ್ಕಳ ಕಡೆ ತಿರುಗಿದೆ. ಇಲ್ಲಿ ಮೊದಲು ಏನು ಬರೆದಿತ್ತು, ಬರೆದವರು ಯಾರು, ಅದನ್ನು ನಂಬಿದವರು ಯಾರು, ಏನಾಯಿತು, ಎಲ್ಲ ಹೇಳಿದೆ. ನರಸಿಂಹಪ್ಪನವರ ಹೆಸರನ್ನೂ ಹೇಳಿದೆ. ಮಕ್ಕಳು ಪಿಳಿಪಿಳಿ ನೋಡುತ್ತಿದ್ದರು, ಹೊಸ ಮೇಡಂ ತಲೆ ತಗ್ಗಿಸಿದ್ದಳು. ಆಮೇಲೆ ಕುಂಚ ಅದ್ದಿ, ಒಣಗಿದ ಜಾಗ ನೋಡಿ, ಮೊದಲ ಸಾಲು ಬರೆದೆ: 'ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.' ಸುಜಾತ ಅದನ್ನು ಅತ್ತೆಗೆ ಓದಿ ಹೇಳಿದಳು. "ಇನ್ನೇನ್ ಬರೀತೀಯ?" ಎಂದು ಓಬಳಮ್ಮ ಕೇಳಿದರು.

"ಮರ ಇಲ್ಲೇ ಇರುತ್ತದೆ, ಅಂತ."

ಅವರು ಹೊಸ ಮೇಡಂ ಕೈಯಿಂದ ಬಣ್ಣದ ಡಬ್ಬ ಇಸಿದುಕೊಂಡು ನನ್ನ ಪಕ್ಕ ನಿಂತರು.

"ಇದು ಬುಕ್ನಾಗೈತಾ ಮಿಸ್ಸು?"

"ಇಲ್ಲ ಓಬಳಮ್ಮ. ಬುಕ್ಕಿನಲ್ಲಿ ಇಲ್ಲ."

"ಅಂಗಾರೆ ಬರಿ" ಎಂದು ಡಬ್ಬವನ್ನು ನನ್ನ ಕೈಗೆಟುಕುವಷ್ಟು ಎತ್ತಿ ಹಿಡಿದರು.